ಕೇಳಿ ಪಡೆದ ಜಾಲಂದ್ರ

ಜಾಲಂದ್ರ ಬೇಕೇ ಬೇಕೆಂದು ಹಟ ಹಿಡಿದವಳು ಅರಂಕಾಳೇ. ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗಿನ ದುರಸ್ತಿಗೆ ಬಂದಿದ್ದ ಇಂಜಿನಿಯರು, "ಹೆಂಗಸರು ಕೂರೋ ಉಪ್ಪರಿಗೆಗೆ ಒಂದು ಕಂಬಿ ಸಾಕಲ್ಲ, ಈ ಕಾಲದಲ್ಲಿ ಅವರನ್ನ ಯಾರು ಮರೆಮಾಡ್ತಾರೆ?" ಎಂದಿದ್ದ. ಅವಳು ಒಂದು ಹಳೆಯ ಫೋಟೋ ತೆಗೆದು ಅವನ ಮುಂದಿಟ್ಟಳು. ಉಪ್ಪರಿಗೆಯ ಮರದ ಜಾಲಂದ್ರದ ಹಿಂದೆ ಬೆಳ್ಳಗೆ ಏನೋ ಮಸುಕು. ಅದು ತನ್ನ ತಾಯಿಯ ಮುಖವೆಂದು ಅವಳು ನಂಬಿದ್ದಳು.

"ಇದ್ದ ಹಾಗೇ ಆಗಬೇಕು" ಎಂದಳು.

ಹಾಗೇ ಆಯಿತು. ಕಮ್ಯುನಿಸ್ಟರ ಕಾಲದಲ್ಲಿ ಆಲೂಗಡ್ಡೆ ಗೋದಾಮಾಗಿದ್ದ ಕಟ್ಟಡಕ್ಕೆ ನೀಲಿ ಚಾವಣಿ ಮರಳಿತು. ಹಿತ್ತಲ ಅಡುಗೆಮನೆ ಫೋಟೋದಲ್ಲಿ ಇರಲಿಲ್ಲ, ಅದನ್ನು ಕೆಡವಿದರು.

ಊರಿನಲ್ಲಿ ಉಳಿದಿದ್ದ ಯಹೂದಿಗಳು ಮೂವತ್ತು ವರ್ಷ ಪ್ರಾರ್ಥನೆ ಮಾಡಿದ್ದು ಆ ಅಡುಗೆಮನೆಯಲ್ಲಿ. ಹತ್ತು ಗಂಡಸರು ಸೇರದೆ, ಸತ್ತವರಿಗಾಗಿ ಹೇಳುವ ಕದಿಷ್ ಹೇಳುವಂತಿಲ್ಲ. ಹತ್ತು ಗಂಡಸರನ್ನು ಎಲ್ಲಿಂದ ತರುವುದು? ಹೆಂಗಸರನ್ನೂ ಸೇರಿಸಿ ಎಣಿಸುತ್ತಿದ್ದರು. ಆಗಲೂ ಒಂದು ತಲೆ ಕಡಿಮೆಯಾದರೆ ಡೆಝೋ ಒಲೆಯ ಕಡೆ ಕೈ ತೋರಿಸಿ, "ಸೂಪಿನ ಪಾತ್ರೇನೂ ಎಣಿಸ್ಕೊಳ್ರೋ. ನಮ್ಮೆಲ್ಲರಿಗಿಂತ ಭಕ್ತಿಯಿಂದ ಗೊಣಗ್ತಿರೋದು ಅದೊಂದೇ" ಅನ್ನುತ್ತಿದ್ದ. ಅವನಿಗೆ ನಲವತ್ತರ ವಯಸ್ಸಿನಲ್ಲಿ ಹೀಬ್ರೂ ಕಲಿಸಿದವಳು ಅರಂಕಾ. ಅಲ್ಲಿ ವರ್ಷವರ್ಷವೂ ತನ್ನ ತಾಯಿಗೆ ಕದಿಷ್ ಹೇಳುತ್ತಿದ್ದವಳೂ ಅವಳೇ. ತಾಯಿ ಸತ್ತ ದಿನ ಯಾರಿಗೂ ಗೊತ್ತಿಲ್ಲ. ಅವಳನ್ನು ನಾಜಿಗಳ ಶಿಬಿರಕ್ಕೆ ಒಯ್ದ ರೈಲು ಹೊರಟ ದಿನವನ್ನೇ ತಿಥಿ ಮಾಡಿಕೊಂಡಿದ್ದಳು.

ಈ ಸಲ ಆ ತಿಥಿಯ ಸಂಜೆಗೇ ಸಿನಗಾಗಿನ ಮೊದಲ ಪ್ರಾರ್ಥನೆ ಇಟ್ಟುಕೊಂಡಿದ್ದರು. ತಾಯಿ ಕೂತೆದ್ದ ಜಾಗದಲ್ಲೇ ತಾಯಿಗೆ ಕದಿಷ್ ಹೇಳಬೇಕು. ಅರಂಕಾ ಇಷ್ಟು ವರ್ಷ ಕಚೇರಿಗಳ ಬೆಂಚು ಸವೆಸಿದ್ದು ಅದೊಂದಕ್ಕೆ.

ರಾಜಧಾನಿಯಿಂದ ಬಂದ ಎಳೆಯ ಧರ್ಮಗುರು, ರಬ್ಬಿ, ತಲೆ ಎಣಿಸಿದ. "ಒಂಬತ್ತು."

"ಹತ್ತು" ಎಂದಳು ಬಾಗಿಲ ಬಳಿ ನಿಂತಿದ್ದ ಅರಂಕಾ.

ರಬ್ಬಿ ನೆಲ ನೋಡಿದ. "ನಾನು ಹೊರಗಿನವನಮ್ಮಾ. ಇಲ್ಲಿನ ಪದ್ಧತಿ ಏನೋ, ನೀವೇ ಹೇಳ್ಬೇಕು" ಎಂದು ಡೆಝೋನ ಕಡೆ ತಿರುಗಿದ. ಡೆಝೋ ಈಗ ಊರಿನ ಯಹೂದಿ ಸಂಘದ ಅಧ್ಯಕ್ಷ.

ಡೆಝೋ ಕೆಮ್ಮಿದ. "ಅಡುಗೆಮನೆ ಮಾತು ಬೇರೆ ಕಣೇ, ಇದು ಸಿನಗಾಗ್. ಇದ್ದ ಹಾಗೇ ಬೇಕು ಅಂದವಳು ನೀನೇ ಅಲ್ವಾ?"

"ಅಂದೆ."

"ಮತ್ತೆ? ಮೆಟ್ಟಿಲು ಆ ಕಡೆ. ಮೊಣಕಾಲು ನೋವಿದ್ರೆ ಕೈ ಹಿಡ್ಕೊಳ್ಲಾ?"

"ನಿನ್ನ ಕೈ ನಿನ್ನತ್ರಾನೇ ಇರ್ಲಿ. ಆಲೆಫ್ ಅಕ್ಷರ ತಿದ್ದಿಸೋಕೆ ಹಿಡಿದಿದ್ದೇ ಸಾಕಾಯ್ತು."

ಯಾರೋ ನಕ್ಕರು. ಅವಳ ಪರವಾಗಿ ಯಾರೂ ಬಾಯಿ ಬಿಡಲಿಲ್ಲ. ಎಲ್ಲರೂ ಆ ಅಡುಗೆಮನೆಯಲ್ಲಿ ಅವಳ ಕೈಯಡುಗೆ ಉಂಡವರೇ.

ಏಣಿಯ ಮೇಲೆ ದೀಪದ ತಂತಿ ಬಿಗಿಯುತ್ತಿದ್ದ ಎಲೆಕ್ಟ್ರಿಷಿಯನ್ ಟಿಬೇರಿಯು ಡೆಝೋನ ಕಣ್ಣಿಗೆ ಬಿದ್ದ.

"ಲೋ, ನಿಮ್ಮಮ್ಮನ ಅಮ್ಮ ಗುಂಡಿ ಅಂಗಡಿ ಗಿಜೆಲ್ಲಾ ಅಲ್ವೇನೋ?"

"ಹೌದು. ಯಾಕೆ, ನಾನೇನ್ ಮಾಡ್ದೆ?"

"ಏನೂ ಮಾಡ್ಬೇಡ. ಇಳಿದು ಬಂದು ಸುಮ್ನೆ ನಿಂತ್ಕೋ."

ತಾಯಿಯ ಕಡೆಯಿಂದ ಬಂದವನು ಯಹೂದಿಯೇ. ಸಿನಗಾಗಿನೊಳಗೆ ಎಂದೂ ಪ್ರಾರ್ಥಿಸದ ಟಿಬೇರಿಯು ಯಾರದೋ ಟೋಪಿ ಹಾಕಿಕೊಂಡು ಹತ್ತನೆಯವನಾದ. ಅರಂಕಾ ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು.

ಜಾಲಂದ್ರದ ಕಂಡಿಗಳಿಂದ ಕೆಳಗಿನ ಬೋಳುತಲೆಗಳು ತುಂಡುತುಂಡಾಗಿ ಕಾಣುತ್ತಿದ್ದವು. ಕದಿಷಿನ ಹೊತ್ತಿಗೆ ರಬ್ಬಿ ಕೇಳಿದ, "ಅರಂಕಾ ಅವರ ತಾಯಿಗೆ ಯಾರು ಹೇಳ್ತೀರಿ?"

"ನಾನು" ಎಂದು ಡೆಝೋ ಎದ್ದ.

ಅವನು ಶುರು ಮಾಡಿದಾಗ ಅರಂಕಾಳ ದನಿಯೂ ತಾನಾಗಿ ಎದ್ದಿತು. ಎರಡು ಸಾಲು ಇಬ್ಬರ ದನಿಯೂ ಒಟ್ಟಿಗೆ ನಡೆಯಿತು. ಡೆಝೋ ಅಂಗೈಯಿಂದ ಮೇಜು ಬಡಿದ.

"ಮೇಲೆ ಸದ್ದು!"

ಅವಳು ನಿಲ್ಲಿಸಿದಳು. ಅವನು ಮೊದಲಿನಿಂದ ಶುರು ಮಾಡಿದ. ನಡುವಿನಲ್ಲಿ ಒಂದು ಪದ ಇತ್ತು, ಮೂವತ್ತು ವರ್ಷವೂ ಅಲ್ಲೇ ಅವನ ನಾಲಿಗೆ ತೊಡರುತ್ತಿತ್ತು. ಅಡುಗೆಮನೆಯಲ್ಲಾದರೆ ಅವನು ಉಸಿರೆಳೆದುಕೊಳ್ಳುವ ಮೊದಲೇ ಅರಂಕಾ ಅದನ್ನು ಎತ್ತಿಕೊಡುತ್ತಿದ್ದಳು. ಈಗಲೂ ತೊಡರಿತು. ಡೆಝೋ ತಲೆಯೆತ್ತಿ ಉಪ್ಪರಿಗೆಯತ್ತ ನೋಡಿದ, ಕಾದ.

ಪದ ಅವಳ ಬಾಯಲ್ಲೇ ಇತ್ತು. ಮುರಿದು ನಿಂತಿದ್ದದ್ದು ತನ್ನ ತಾಯಿಯ ಕದಿಷ್ ಎಂಬುದೂ ಅವಳಿಗೆ ಗೊತ್ತಿತ್ತು. ಆದರೂ ತುಟಿ ಬಿಗಿಹಿಡಿದು ಕೂತಳು.

ಕೊನೆಗೆ ರಬ್ಬಿಯೇ ಪದ ಎತ್ತಿಕೊಟ್ಟ. ಡೆಝೋ ಮುಗಿಸಿದ. ಕೆಳಗಿನವರೆಲ್ಲ ಆಮೆನ್ ಎಂದರು, ಟಿಬೇರಿಯು ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ. ಉಪ್ಪರಿಗೆಯಿಂದ ಆಮೆನ್ ಬರಲಿಲ್ಲ.