ನಾಲ್ಕರಿಂದ ನಾಲ್ಕೂವರೆ

ಅಪ್ಪನ ಅಂಗಿಯ ಕತ್ತಿನ ಗುಂಡಿ ಕಾಜಾಕ್ಕೆ ಸಿಗುತ್ತಿರಲಿಲ್ಲ. ಮಗಳು ಬಗ್ಗಿ ಮತ್ತೊಮ್ಮೆ ಎಳೆದು ನೋಡುತ್ತಿದ್ದಾಗ ಜೇಬಿನಲ್ಲಿದ್ದ ಫೋನು ಗುಂಯ್ ಎಂದಿತು. ತೆಗೆದು ನೋಡುವ ಅಗತ್ಯವಿರಲಿಲ್ಲ. ಆ ಮುಂಕೋಣೆಯ ಮೂಲೆಯಲ್ಲಿ, ಗೋಡೆಯ ತುದಿಗೆ, ಅವಳೇ ಹಾಕಿಸಿದ ಕ್ಯಾಮೆರಾ ಇತ್ತು. ಕೋಣೆಯಲ್ಲಿ ಯಾರು ಅಲುಗಿದರೂ ಅದು ಅವಳಿಗೆ ಸುದ್ದಿ ಮುಟ್ಟಿಸುತ್ತಿತ್ತು. ಈಗ ಅಲುಗುತ್ತಿದ್ದವಳು ಅವಳೊಬ್ಬಳೇ.

ಬೆಳಕು ಹರಿದಂತೆ ಜನ ಬರತೊಡಗಿದರು. ಒಬ್ಬೊಬ್ಬರು ಒಳಗೆ ಕಾಲಿಟ್ಟಾಗಲೂ ಫೋನು ಅವಳ ತೊಡೆಗೆ ತಿವಿಯುತ್ತಿತ್ತು. ಅದನ್ನು ನಿಲ್ಲಿಸಲು ಅವಳಿಗೆ ಧೈರ್ಯವಾಗಲಿಲ್ಲ. ಒಂದು ಸಲ ನಿಲ್ಲಿಸಿದ್ದರ ಫಲ ಕಣ್ಣೆದುರೇ ಮಲಗಿತ್ತು.

ಅಣ್ಣ ಅವಳನ್ನು ಅಡುಗೆಮನೆಗೆ ಕರೆದ. ರಾತ್ರಿಯೆಲ್ಲ ಬಂಡಿ ಓಡಿಸಿಕೊಂಡು ಬಂದವನ ಕಣ್ಣು ಕೆಂಡವಾಗಿತ್ತು.

"ಹತ್ತು ನಿಮಿಷ ಅಪ್ಪ ಅಲುಗಾಡ್ದಿದ್ರೆ ಅದು ಕೂಗ್ಕೊಳ್ಳುತ್ತೆ ಅಂದಿದ್ದೆ ನೀನು. ನಿನ್ನೆ ಯಾಕೆ ಹೊತ್ತಿಗೆ ಸರಿಯಾಗಿ ಕೂಗ್ಲಿಲ್ಲ?"

"ನೆಟ್‌ವರ್ಕ್ ಹೋಗಿತ್ತು," ಎಂದಳು.

ಟಿಕೆಟ್ ಮಾರುವ ಕಂಪನಿಯಲ್ಲಿ ಅವಳ ಕೆಲಸವೇ ಅದು, ದೂರು ಹೇಳುವವರಿಗೆ ಪರದೆಯ ಮೇಲೆ ಉತ್ತರ ಬರೆಯುವುದು. ಆ ಮಾತನ್ನು ದಿನಕ್ಕೆ ನೂರು ಸಲ ಬರೆದು ಬರೆದು, ಈಗ ಅದು ತಾನಾಗಿ ಬಾಯಿಗೆ ಬಂದುಬಿಟ್ಟಿತ್ತು.

ಅಣ್ಣ ತಲೆಯಾಡಿಸಿದ. "ಆ ಕ್ಯಾಮೆರಾ ಡಬ್ಬಿಯೊಳಗೆ ಒಂದು ವಾರದ ವಿಡಿಯೋ ಉಳಿದಿರುತ್ತಂತಲ್ಲ. ಮಣ್ಣು ಮುಗಿಸ್ಕೊಂಡು ಬಂದು ನೋಡೋಣ. ಅಪ್ಪ ಹೇಗೆ ಹೋದ್ರು ಅಂತ ನನಗೆ ಗೊತ್ತಾಗ್ಲೇಬೇಕು."



*

ಎರಡು ತಿಂಗಳ ಹಿಂದಿನ ಮಾತು. ದಿನಾ ಸಂಜೆ ನಾಲ್ಕಕ್ಕೆ ಅಪ್ಪ ಪಶ್ಚಿಮದ ಕಿಟಕಿಗೆ ಕುರ್ಚಿ ಎಳೆದುಕೊಂಡು ಒಂದು ಕಿತ್ತಳೆ ಹಣ್ಣು ತಿನ್ನುತ್ತಿದ್ದ. ಆಮೇಲೆ ಬಿಸಿಲಿಗೆ ಮೊಣಕಾಲೊಡ್ಡಿ ಸುಮ್ಮನೆ ಕೂರುತ್ತಿದ್ದ, ಕಲ್ಲಿನ ಹಾಗೆ. ನಾಲ್ಕೂಕಾಲರ ಹೊತ್ತಿಗೆ ಊರಿನ ಇನ್ನೊಂದು ತುದಿಯಲ್ಲಿದ್ದ ಮಗಳ ಫೋನು ಬೊಬ್ಬೆ ಹೊಡೆಯುತ್ತಿತ್ತು. ಆರು ಜನರಿಗೆ ಒಟ್ಟಿಗೆ ಉತ್ತರ ಬರೆಯುತ್ತಿದ್ದವಳು ಎಲ್ಲ ಬಿಟ್ಟು ಕರೆ ಮಾಡುವಳು. ಅಪ್ಪ ಬೆಚ್ಚಿಬಿದ್ದು ಎತ್ತುವನು.

"ಬದುಕಿದ್ದೀನಿ ಮಾರಾಯ್ತಿ," ಎಂದಿದ್ದ ಒಂದು ದಿನ. "ಬಿಸಿಲು ಕಾಯೋಕೂ ಹಾಜರಿ ಹಾಕ್ಬೇಕಾ? ಈ ಅರ್ಧ ಗಂಟೆ ನಂಗೆ ಬಿಟ್ಟುಬಿಡು. ಇಲ್ಲಾಂದ್ರೆ ಬಾ, ಪಕ್ಕದಲ್ಲಿ ಕೂತ್ಕೊಂಡು ಎರಡು ತೊಳೆ ತಿನ್ನು."

"ಬರ್ತೀನಪ್ಪ, ಭಾನುವಾರ," ಎಂದಿದ್ದಳು. ಭಾನುವಾರ ಬಂದಿದ್ದಳು ಕೂಡ. ಅಪ್ಪ ಕೊಟ್ಟ ತೊಳೆಗಳು ಅವಳ ಲ್ಯಾಪ್‌ಟಾಪಿನ ಪಕ್ಕ ಒಣಗಿದ್ದವು. ಅಂದೇ ಅವಳು ಕ್ಯಾಮೆರಾದ ಬಾಯಿಗೆ ಬೀಗ ಹಾಕಿದ್ದು: ನಾಲ್ಕರಿಂದ ನಾಲ್ಕೂವರೆಯವರೆಗೆ ಯಾವ ಸುದ್ದಿಯೂ ಬೇಡ. ಅದು ಅಪ್ಪನ ನೆಮ್ಮದಿಗೋ ತನ್ನ ನೆಮ್ಮದಿಗೋ ಎಂದು ಯೋಚಿಸಿರಲಿಲ್ಲ. ಅಣ್ಣನಿಗೆ ಹೇಳಿರಲೂ ಇಲ್ಲ.

ನಿನ್ನೆ ಫೋನು ಕೂಗಿದ್ದು ನಾಲ್ಕು ನಲವತ್ತಕ್ಕೆ. ಅಪ್ಪ ಕರೆ ಎತ್ತಲಿಲ್ಲ. ಅವಳು ಫೋನು ಮಾಡಿ ಹೇಳಿದ ಮೇಲೆ ಎದುರುಮನೆಯ ಹೊಲಿಗೆಯಾಕೆ ಓಡಿಹೋಗಿ ನೋಡುವಾಗ ಅಪ್ಪನ ಕೈ ತಣ್ಣಗಾಗಿತ್ತಂತೆ. ಸ್ವಲ್ಪ ಮೊದಲೇ ಗೊತ್ತಾಗಿದ್ದರೆ ಏನಾದರೂ ಮಾಡಬಹುದಿತ್ತೋ ಏನೋ ಎಂದು ಡಾಕ್ಟರು ಕೈಗವಸು ಕಳಚುತ್ತಾ ಹೇಳಿ ಹೋಗಿದ್ದರು.

*

ಹತ್ತರ ಹೊತ್ತಿಗೆ ಬಸ್ ಡಿಪೋದ ಹಳೆಯ ಸಂಗಡಿಗ ಬಂದ. ಮೈಯಲ್ಲಿ ಮಾಂಸವಿಲ್ಲದ್ದಕ್ಕೆ ಡಿಪೋದಲ್ಲಿ ಅವನನ್ನು ಗುಂಡುಸೂಜಿ ಎನ್ನುತ್ತಿದ್ದರು. ಅಪ್ಪನೂ ಅವನೂ ಮೂವತ್ತೆಂಟು ವರ್ಷ ಒಂದೇ ಬೆಂಚಿನಲ್ಲಿ ಬಸ್ಸಿನ ಸೀಟುಗಳಿಗೆ ತೊಗಲು ಕತ್ತರಿಸಿ ಹೊಲಿದವರು. ಅವನು ಅಪ್ಪನ ಬಲಗೈ ಹಿಡಿದುಕೊಂಡು ತುಂಬ ಹೊತ್ತು ಕೂತ. ಆಮೇಲೆ ಯಾರೂ ಕೇಳದೆಯೇ ಡಿಪೋದ ಕತೆ ಶುರುಮಾಡಿದ. ನಾಲ್ಕು ಗಂಟೆಗೆ ಮಿಷನ್ನುಗಳು ನಿಂತರೆ ಎಲ್ಲರೂ ಅಪ್ಪನ ಸುತ್ತ ಸೇರುತ್ತಿದ್ದರಂತೆ. ತೊಗಲು ತೆಳುಮಾಡುವ ಆ ಪುಟ್ಟ ಚಾಕುವಿನಿಂದ ಕಿತ್ತಳೆಯ ಸಿಪ್ಪೆಯನ್ನು ಎಲ್ಲೂ ಕಡಿಯದ ಹಾಗೆ, ಒಂದೇ ಎಳೆಯಾಗಿ ಬಿಡಿಸುತ್ತಿದ್ದನಂತೆ.

"ಮೂವತ್ತೆಂಟು ವರ್ಷದಲ್ಲಿ ಎರಡೇ ಸಲ ಹರಿದಿದ್ದು," ಎಂದ ಗುಂಡುಸೂಜಿ. "ಒಂದು, ಇವಳು ಹುಟ್ಟಿದ ದಿನ. ಕೈ ನಡುಗ್ತಿತ್ತು ಬಡ್ಡೀಮಗಂದು."

"ಇನ್ನೊಂದು?" ಎಂದ ಅಣ್ಣ.

"ನಾನು ಕಚಗುಳಿ ಇಟ್ಟಿದ್ದೆ. ಒಂದು ವಾರ ಮಾತು ಬಿಟ್ಟಿದ್ದ."

ಕೂತಿದ್ದವರು ನಕ್ಕರು. ನಗದೆ ಇದ್ದವಳು ಹೊಲಿಗೆಯಾಕೆ ಒಬ್ಬಳೇ. ಅವಳು ಮಗಳ ಪಕ್ಕಕ್ಕೆ ಸರಿದು ತಗ್ಗಿದ ದನಿಯಲ್ಲಿ ಹೇಳಿದಳು.

"ನಿಂಗೆ ಹೇಳದೆ ಇರೋಕಾಗ್ತಿಲ್ಲ ಕಣಮ್ಮ. ಸೂಜಿಗೆ ದಾರ ಪೋಣಿಸೋಣ ಅಂತ ನಿನ್ನೆ ನಮ್ಮನೆ ಕಿಟಕಿಗೆ ಬಂದಿದ್ದೆ. ನಾಲ್ಕು ಗಂಟೆ ದಾಟಿತ್ತು. ನಿಮ್ಮಪ್ಪ ಕೈ ಮೇಲೆತ್ತಿದ್ರು. ಪರದೆ ಅಡ್ಡ ಇತ್ತು, ಮೊಣಕೈ ಅಷ್ಟೇ ಕಾಣಿಸ್ತಿತ್ತು. ಆ ಮೂಲೆ ಕಡೆಗೆ," ಎಂದು ಕ್ಯಾಮೆರಾವನ್ನು ತೋರಿಸಿದಳು. "ನೊಣ ಓಡಿಸ್ತಿದಾರೆ ಅಂದ್ಕೊಂಡು ಹೋಗ್ಬಿಟ್ಟೆ."

ಮಗಳು ಆ ಮೂಲೆಯತ್ತ ತಲೆಯೆತ್ತಿದಳು. ಅಪ್ಪ ತನ್ನನ್ನೇ ಕೂಗಿದ್ದ. ಬಾಗಿಲ ಕಡೆಗಲ್ಲ, ಕಿಟಕಿಯ ಕಡೆಗಲ್ಲ. ಮಗಳು ಅಲ್ಲಿಂದ ನೋಡುತ್ತಿರುತ್ತಾಳೆ ಎಂದು ನಂಬಿ ಕ್ಯಾಮೆರಾದ ಕಡೆಗೇ ಕೈಯೆತ್ತಿದ್ದ.

ಶವ ಒಯ್ಯುವ ಬಂಡಿ ಬಂತು. ಅಪ್ಪನನ್ನು ಎತ್ತಿದರು. ಆಮೇಲೆ ಯಾರು ಏನು ಹೇಳಿದರೋ, ಎಷ್ಟು ಹೊತ್ತು ಬಿಸಿಲಲ್ಲಿ ನಿಂತರೋ ಅವಳಿಗೆ ನೆನಪುಳಿಯಲಿಲ್ಲ. ಎತ್ತಿದ ಕೈಯೊಂದೇ ಕಣ್ಣಲ್ಲಿ ಕಟ್ಟಿತ್ತು.

*

ಮನೆಗೆ ಮರಳಿದಾಗ ಬಂದವರೆಲ್ಲ ಚದುರಿದ್ದರು. ಅಣ್ಣ ನೆಲದ ಮೇಲೆ ಕೂತ. ಅವಳು ಕುರ್ಚಿಗಳನ್ನು ಗೋಡೆಗೆ ಸರಿಸುತ್ತಿದ್ದಳು, ಫೋನು ಗುಂಯ್‌ಗುಡುತ್ತಿತ್ತು. ಇದ್ದಕ್ಕಿದ್ದಂತೆ ಅದು ಸುಮ್ಮನಾಯಿತು. ಅವಳು ಅಲುಗುತ್ತಲೇ ಇದ್ದಳು, ಅದು ಮಾತ್ರ ತೆಪ್ಪಗಿತ್ತು. ಗಡಿಯಾರ ನೋಡಿದಳು. ನಾಲ್ಕು.

ಹಿಡಿದಿದ್ದ ಕುರ್ಚಿಯನ್ನು ಅಲ್ಲೇ ಬಿಟ್ಟು ಅಣ್ಣನ ಪಕ್ಕ ಕೂತಳು.

"ನೆಟ್‌ವರ್ಕ್ ಹೋಗಿರ್ಲಿಲ್ಲ ಕಣೋ," ಎಂದಳು. "ನಾನೇ ನಿಲ್ಲಿಸಿದ್ದೆ. ದಿನಾ, ಈ ಅರ್ಧ ಗಂಟೆ."

ಅಣ್ಣ ಅವಳ ಫೋನಿನತ್ತ ಕೈ ತೋರಿಸಿದ. ಬೈದಿದ್ದರೆ ಎಷ್ಟೋ ವಾಸಿ ಎನಿಸಿತು. "ವಿಡಿಯೋ ಹಾಕು," ಎಂದನಷ್ಟೆ.

ನಿನ್ನೆಯದಕ್ಕೆ ಬೆರಳು ಹೋಗಲಿಲ್ಲ. ವಾರದ ಹಿಂದಿನದನ್ನು ಒತ್ತಿದಳು. ಅಪ್ಪ ಬಂದು ಕೂತ, ಹಣ್ಣನ್ನು ಮೂಸಿದ, ಚಾಕು ತೆಗೆದ. ಹಣ್ಣು ಅವನ ಕೈಯಲ್ಲಿ ಮೆಲ್ಲಗೆ ಸುತ್ತಿತು. ಸಿಪ್ಪೆ ಪೂರ್ತಿ ಬಿಟ್ಟಾಗ ತುದಿ ಹಿಡಿದು, ಕ್ಯಾಮೆರಾದ ಕಡೆ ಮುಖ ಮಾಡಿ, ಕೈ ಮೇಲೆತ್ತಿದ. ಕಿತ್ತಳೆ ಬಣ್ಣದ ಸುರುಳಿ ಮೊಣಕೈವರೆಗೆ ಜೋತಾಡುತ್ತಿತ್ತು. ಕತ್ತು ಓರೆಮಾಡಿ ಸ್ವಲ್ಪ ಕಾದ. ಆಮೇಲೆ ಸಿಪ್ಪೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ತೊಳೆ ಬಾಯಿಗೆ ಹಾಕಿದ.

ಮಾರನೆಯ ದಿನವೂ ಹಾಗೆಯೇ. ಅದರ ಮಾರನೆಯ ದಿನವೂ. ಕೈ ಎತ್ತುವುದು, ಕಾಯುವುದು, ಇಳಿಸುವುದು.

ನಿನ್ನೆಯದನ್ನು ಅಣ್ಣನೇ ಒತ್ತಿದ. ಅವಳು ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪ ಸುರುಳಿಯನ್ನು ಎತ್ತಿ ಹಿಡಿದ, ಕತ್ತು ಓರೆಮಾಡಿ ಕಾದ, ಇಳಿಸಿದ. ತೊಳೆಗಳನ್ನು ಒಂದೊಂದಾಗಿ ತಿಂದು, ಬೆರಳು ಒರೆಸಿಕೊಂಡು, ಬಿಸಿಲಿಗೆ ಕಾಲು ನೀಡಿದ. ಅಣ್ಣ ವೇಗ ಹೆಚ್ಚಿಸಲು ಹೋದಾಗ ಅವಳು ಅವನ ಬೆರಳನ್ನು ಸರಿಸಿದಳು. ಇಬ್ಬರೂ ಕಾದರು. ಬಿಸಿಲು ಅಪ್ಪನ ಮೊಣಕಾಲಿನಿಂದ ಪಾದಕ್ಕೆ ಇಳಿಯಿತು.

ನಾಲ್ಕು ಇಪ್ಪತ್ತೊಂದಕ್ಕೆ ಸಿಪ್ಪೆ ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು. ಅಪ್ಪ ಬಗ್ಗಲಿಲ್ಲ. ಅದು ಬಿದ್ದಲ್ಲೇ ಎರಡು ಸಲ ತೂಗಾಡಿ ನಿಂತಿತು, ಎಲ್ಲೂ ಹರಿಯದೆ.