ಒಣಗಿದ ಲೇನ್

ಸೊಸೆ ಆಸೆಪಟ್ಟು ಕೊಂಡ ಬೌಲಿಂಗ್ ಚೆಂಡು ಬೆಳಿಗ್ಗೆ ಎಣ್ಣೆ ಹಚ್ಚಿದ ಉದ್ದನೆಯ ಮರದ ಲೇನಿನ ಮೇಲೆ ನೆಟ್ಟಗೆ ಜಾರಿ, ಕೊನೆಯಲ್ಲಿ ಚಂದವಾಗಿ ತಿರುಗಿ ತುದಿಯಲ್ಲಿ ನಿಲ್ಲಿಸಿದ್ದ ಪಿನ್‌ಗಳನ್ನೆಲ್ಲ ಉರುಳಿಸಿತ್ತು. ಮಧ್ಯಾಹ್ನದ ಫೈನಲ್‌ನಲ್ಲಿ ಅದೇ ಚೆಂಡು ಅರ್ಧದಾರಿಯಲ್ಲೇ ತಿರುಗಿ ಲೇನಿನ ಎದುರು ಬದಿಯ ಅಂಚಿನಲ್ಲಿರುವ ಕಾಲುವೆಗೆ ಬಿತ್ತು; ಒಂದು ಪಿನ್ನೂ ಉರುಳಲಿಲ್ಲ. ಮುಂದಿನ ಸರದಿಯಲ್ಲೂ ಅದೇ ರಾಗ, ಅದೇ ಹಾಡು. ಅವಳಿಗೆ ಅಳುವೇ ಬಂತು.

ಜೋಡಿಯಾಗಿ ಆಡುತ್ತಿದ್ದ ಅತ್ತೆ ಹತ್ತಿರ ಬಂದರು. "ಆಡಿ ಆಡಿ ಎಣ್ಣೆ ಹೋಗಿದೆ ಕಣಮ್ಮ. ಒಣ ಲೇನಲ್ಲಿ ಇದು ಬೇಗ ತಿರುಗಿಬಿಡತ್ತೆ. ನನ್ನ ಚೆಂಡು ತಗೋ, ಅದು ಅಷ್ಟು ತಿರುಗಲ್ಲ."

"ಅದು ತೀರಾ ಹಳೇದಲ್ವಾ ಅತ್ತೆ?"

"ನಾನೂ ಹಳಬಳೇ. ನನ್ನನ್ನ ಜೋಡಿ ಮಾಡ್ಕೊಂಡಿಲ್ವಾ?"

ಸೊಸೆ ನಗುತ್ತಲೇ ಹಳೆಯ ಚೆಂಡನ್ನು ಎಸೆದಳು. ಅದು ಸಾವಧಾನವಾಗಿ ಸಾಗಿ, ತುಸುವೇ ವಾಲಿ, ಒಂದನ್ನು ಬಿಟ್ಟು ಉಳಿದ ಪಿನ್‌ಗಳನ್ನೆಲ್ಲ ಕೆಡವಿತು. ಎರಡನೆಯ ಎಸೆತಕ್ಕೆ ಅದೂ ಬಿತ್ತು.

ಗೆಲುವು ಕೂದಲೆಳೆಯಲ್ಲಿ ತಪ್ಪಿತು. ಆದರೂ ಅತ್ತೆ ಸೊಸೆ ಇಬ್ಬರೂ ಹರಟುತ್ತ, ಹಗುರ ಮನಸ್ಸಿನಿಂದ ಮನೆಗೆ ನಡೆದರು.