ಟೆರಿಯಸ್‌ನನ್ನು ಆರಿಸಿಕೊಂಡ ವರ್ಷ

ಟೊಲೀಡೊ ತಂಡದ ಪರವಾಗಿ ಊರೂರು ತಿರುಗಿ, ಅಮೆರಿಕನ್ ಫುಟ್‌ಬಾಲ್ ಆಡುವ ಕಾಲೇಜು ಹುಡುಗರನ್ನು ನೋಡಿ ವರದಿ ಬರೆಯುವುದು ಡೆಲ್ಮರ್ ಕ್ರಾಟ್ಜ್‌ನ ಕೆಲಸ. ಇಪ್ಪತ್ತಾರು ವರ್ಷ ಹೆದ್ದಾರಿ ಪಕ್ಕದ ಮೋಟೆಲುಗಳಲ್ಲಿ ಮಲಗಿ ಅವನ ಸೊಂಟ ಹಿಡಿದುಹೋಗಿತ್ತು. ಆ ಸಲ ತಂಡ ಹದಿನೇಳು ಪಂದ್ಯಗಳಲ್ಲಿ ಮೂರನ್ನಷ್ಟೇ ಗೆದ್ದು ಮಣ್ಣುಮುಕ್ಕಿತ್ತು. ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ ಕೊಡುವುದು ಡ್ರಾಫ್ಟ್‌ನ ಪದ್ಧತಿ. ಹಾಗಾಗಿ ಏಪ್ರಿಲ್‌ನಲ್ಲಿ ಕಾಲೇಜು ಹುಡುಗರನ್ನು ತಂಡಗಳು ಆರಿಸಿಕೊಳ್ಳುವಾಗ ಎರಡನೆಯ ಸರದಿ ಟೊಲೀಡೊದ್ದು. ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಎಲ್ಲಿ ನಿಂತರೂ ಒಂದೇ ಮಾತು: ಕ್ವಾರ್ಟರ್‌ಬ್ಯಾಕ್ ಬೇಕು.

ಡೆಲ್ಮರ್ ಮಾತ್ರ ಬೇಡವೆಂದು ಬರೆದಿದ್ದ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕಣ್ಣೆತ್ತಿ ನೋಡಿ ಚೆಂಡು ಎಸೆಯುವಷ್ಟು ಹೊತ್ತು ಎದುರಾಳಿಗಳನ್ನು ತಡೆಯುವವರು ಮುಂದೆ ನಿಲ್ಲುವ ಲೈನಿನ ಐವರು. ಟೊಲೀಡೊದ ಐವರಲ್ಲಿ ಇಬ್ಬರಿಗೆ ಮಂಡಿ ಹೋಗಿತ್ತು, ಒಬ್ಬನಿಗೆ ಆಡುವ ಮನಸ್ಸೇ ಹೋಗಿತ್ತು. ಮೊದಲು ಲೈನ್ ಕಟ್ಟಿ, ಹುಡುಗ ಆಮೇಲೆ ಬರಲಿ ಎನ್ನುವುದು ಅವನ ವರದಿಯ ಸಾರ.

ಎಲ್ಲರ ಬಾಯಲ್ಲಿದ್ದ ಕ್ವಾರ್ಟರ್‌ಬ್ಯಾಕ್ ಹುಡುಗ ಟೆರಿಯಸ್ ಗೇಂಟ್. ಮಾರ್ಚ್‌ನಲ್ಲಿ ಡೆಲ್ಮರ್ ಮಿಸಿಸಿಪ್ಪಿಯ ಅವನ ಮನೆಗೆ ಹೋದ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ತಾಯಿ ಓಡೆಲ್, ಕರಿದ ಮೀನು, ಬೇಯಿಸಿದ ಸೊಪ್ಪು ಬಡಿಸಿ, ಎದುರಿಗೆ ಕುಳಿತು ನೇರವಾಗಿ ಕೇಳಿದಳು.

"ನಿಮ್ಮ ಕಡೆ ಇವನ ಮುಂದೆ ನಿಲ್ಲೋರು ಯಾರು?"

"ಹೇಳ್ಕೊಳ್ಳೋ ಹಂಗೆ ಯಾರೂ ಇಲ್ಲಮ್ಮ."

"ಹಂಗಾದ್ರೆ ಇವನ್ನ ಯಾಕೆ ನೋಡೋಕ್ ಬಂದ್ರಿ?"

ಟೆರಿಯಸ್ ನಕ್ಕುಬಿಟ್ಟ. "ನೋಡಿ ಸಾರ್, ಊರೋರೆಲ್ಲ ನಮ್ಮ ಮಗನ್ನ ತಗೊಳ್ಳಿ ಅಂತ ಬೇಡ್ಕೊಂಡ್ರೆ ನಮ್ಮಮ್ಮ ಬೇಡ ಅಂತ ಜಗಳ ಆಡ್ತಾಳೆ."

"ನೀನು ಸುಮ್ನಿರೋ. ಒದೆ ತಿನ್ನೋನು ನೀನು, ನೋಡ್ತಾ ಕೂರೋಳು ನಾನು." ಅವಳು ಡೆಲ್ಮರ್ ಕಡೆ ತಿರುಗಿದಳು. "ಇದೇ ಮಾತನ್ನ ಅಲ್ಲಿ ನಿಮ್ಮ ಯಜಮಾನ್ರ ಮುಂದೆ ಹೇಳ್ತೀರಾ?"

"ಹೇಳ್ತೀನಿ," ಎಂದ ಡೆಲ್ಮರ್.

ಡ್ರಾಫ್ಟ್‌ನ ಹಿಂದಿನ ದಿನ ಸಭೆ. ತಂಡದ ಒಡೆಯ ಫೆನ್ವಿಕ್ ಹೊಸಬ, ಅವಸರದವ. ಆ ತಿಂಗಳಲ್ಲೇ ಡೆಲ್ಮರ್‌ನ ವಯಸ್ಸಿನ ಇಬ್ಬರನ್ನು ಮನೆಗೆ ಕಳಿಸಿದ್ದ. ಡೆಲ್ಮರ್‌ನ ಕರಾರು ಜೂನ್‌ಗೆ ಮುಗಿಯುವುದಿತ್ತು.

"ನಿಮ್ಮ ವರದಿ ಓದ್ದೆ," ಎಂದ ಫೆನ್ವಿಕ್. "ಎರಡು ವರ್ಷ ಕಾಯ್ಬೇಕು ಅಂತೀರಿ. ಜನ ಕಾಯ್ತಾರೇನ್ರೀ? ಇಷ್ಟುದ್ದ ಕತೆ ಬೇಡ. ಒಂದೇ ಮಾತಲ್ಲಿ ಹೇಳಿ, ಹುಡುಗ ರೆಡಿ ಇದಾನೋ ಇಲ್ವೋ?"

ಹನ್ನೊಂದು ಮುಖಗಳು ಅವನತ್ತ ತಿರುಗಿದವು. ಹುಡುಗ ರೆಡಿ ಇದ್ದ, ಇರದಿದ್ದದ್ದು ತಂಡ. ಆದರೆ ಫೆನ್ವಿಕ್ ಅದನ್ನು ಕೇಳಿರಲಿಲ್ಲ.

"ಇದಾನೆ," ಎಂದ ಡೆಲ್ಮರ್.

ಹೇಳಿದ್ದು ಸುಳ್ಳಲ್ಲ. ಆ ಸಮಾಧಾನವೇ ಮುಂದೆ ಅವನನ್ನು ಒಳಗೊಳಗೇ ತಿಂದಿತು. ಮಾರನೆಯ ದಿನ ಟೆರಿಯಸ್‌ನನ್ನು ಆರಿಸಿದರು; ಜೂನ್‌ನಲ್ಲಿ ಡೆಲ್ಮರ್‌ನ ಕರಾರು ಇನ್ನೆರಡು ವರ್ಷಕ್ಕೆ ಮುಂದುವರಿಯಿತು.

ಮೊದಲ ವರ್ಷ ಟೆರಿಯಸ್‌ನನ್ನು ಅರವತ್ತೊಂದು ಸಲ ನೆಲಕ್ಕೆ ಕೆಡವಿದರು. ಹುಡುಗ ಪ್ರತಿ ಸಲವೂ ಎದ್ದ. ಎರಡನೆಯ ವರ್ಷದ ಹೊತ್ತಿಗೆ ಅವನು ಚೆಂಡು ಹಿಡಿಯಬೇಕಾದ ತನ್ನ ತಂಡದವರನ್ನು ನೋಡುವುದು ಬಿಟ್ಟು, ತನ್ನ ಮೇಲೆ ಎರಗಲು ಬರುವವರನ್ನೇ ನೋಡತೊಡಗಿದ್ದ. ಚೆಂಡು ಎಲ್ಲೆಲ್ಲೋ ಹೋಗುತ್ತಿತ್ತು. ಬೇಕು ಬೇಕು ಎಂದಿದ್ದ ಊರೇ ಮೈದಾನದಲ್ಲಿ ಎದ್ದು ನಿಂತು ಅವನಿಗೆ ಉಗಿಯಿತು. ನವೆಂಬರ್‌ನ ಒಂದು ಮಧ್ಯಾಹ್ನ, ಆಲಿಕಲ್ಲು ಬೆರೆತ ಜಡಿಮಳೆಯಲ್ಲಿ, ಎಡಗಡೆಯಿಂದ ಯಾರ ತಡೆಯೂ ಇಲ್ಲದೆ ಓಡಿಬಂದವನೊಬ್ಬ ಅವನ ಕಾಲಿನ ಮೇಲೆ ಬಿದ್ದ. ಗ್ಯಾಲರಿಯಲ್ಲಿದ್ದ ಡೆಲ್ಮರ್‌ಗೆ ಮಂಡಿ ಉಲ್ಟಾ ಮಡಚಿಕೊಂಡದ್ದು ಕಂಡಿತು.

ಕೆಳಗೆ ಓಡಿದ. ಆಟಗಾರರ ಕೋಣೆಯ ಮೇಜಿನ ಮೇಲೆ ಮಲಗಿಸಿದ್ದ ಟೆರಿಯಸ್ ಬೂದಿಬಣ್ಣಕ್ಕೆ ತಿರುಗಿದ್ದ.

"ಸಾರ್, ಪಾದ ಅಲ್ಲಾಡಿಸ್ತಾ ಇದೀನಿ. ಅಲ್ಲಾಡ್ತಿದ್ಯಾ ನೋಡಿ."

ಪಾದ ಅಲ್ಲಾಡುತ್ತಿರಲಿಲ್ಲ. "ಡಾಕ್ಟ್ರು ಬರ್ತಿದಾರಪ್ಪ," ಎಂದಷ್ಟೇ ಹೇಳಿದ.

ವೈದ್ಯರು ಕಾಲು ಉಳಿಸಿದರು. ಆದರೆ ನರ ಸತ್ತು ಪಾದ ಜೋತುಬಿದ್ದಿತು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅವನ ಆಟ ಮುಗಿಯಿತು.

ಫೆಬ್ರವರಿಯಲ್ಲಿ ಡೆಲ್ಮರ್ ಮತ್ತೆ ಮಿಸಿಸಿಪ್ಪಿಗೆ ಹೋದ. ಶಾಲೆಯ ಹಿಂಬಾಗಿಲಲ್ಲಿ ಓಡೆಲ್ ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಒಳಗೆ ಬನ್ನಿ ಎನ್ನಲಿಲ್ಲ.

"ನಿಮ್ಮ ಮಾತು ಅವರು ಕೇಳ್ಲಿಲ್ಲ ಅಲ್ವಾ?" ಎಂದಳು. ಹೌದೆಂದುಬಿಟ್ಟರೆ ಸಾಕು, ತಪ್ಪಿಸಿಕೊಳ್ಳಲು ಅವಳೇ ದಾರಿ ಬಿಟ್ಟುಕೊಟ್ಟಿದ್ದಳು.

"ಕೇಳಿದ್ರಮ್ಮ. ನಾನೇ ಹೇಳ್ಲಿಲ್ಲ."

ಅವಳು ಬಾಗಿಲ ಹಿಡಿಗೆ ಕೈ ಹಾಕಿದಳು. "ನನ್ನ ಹತ್ರ ಯಾಕೆ ಹೇಳ್ತೀರಿ? ಮನೇಲಿದಾನೆ. ಹೋಗಿ ಅವನಿಗೆ ಹೇಳಿ." ಬಾಗಿಲು ಮುಚ್ಚಿಕೊಂಡಳು.

ಟೆರಿಯಸ್ ಕಾಲಿಗೆ ಪಟ್ಟಿ ಕಟ್ಟಿಕೊಂಡು ಸೋಫಾದ ಮೇಲಿದ್ದ. ದಪ್ಪಗಾಗಿದ್ದ. ಡೆಲ್ಮರ್ ಸಭೆಯಲ್ಲಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ.

"ನೀವು ಬೇಡ ಅಂದಿದ್ರೂ ತಗೋತಿದ್ರು ಸಾರ್."

"ಇರಬಹುದು."

"ಇರಬಹುದು ಅನ್ಬೇಡಿ!" ಹುಡುಗ ಕೂಗಿದ. "ತಗೋತಿದ್ರು ಅನ್ನಿ. ಇಲ್ಲಾಂದ್ರೆ ಒಂದು ಮಾತಿಗೆ ಹೋಯ್ತು ನನ್ನ ಕಾಲು ಅಂತಾಗುತ್ತೆ. ಅದನ್ನ ಇಟ್ಕೊಂಡು ನಾನು ಬದುಕೋದು ಹೆಂಗೆ?"

"ತಗೋತಿದ್ರು," ಎಂದ ಡೆಲ್ಮರ್. ಈ ಸಲ ಹೇಳಿದ್ದು ನಿಜವೋ ಸುಳ್ಳೋ ಅವನಿಗೂ ತಿಳಿಯದು.

ಆ ಏಪ್ರಿಲ್‌ನಲ್ಲಿ ಟೊಲೀಡೊಗೆ ಮೂರನೆಯ ಸರದಿ. ಫೆನ್ವಿಕ್ ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್‌ನ ಹೆಸರು ಹಿಡಿದು, ರೆಡಿ ಇದಾನಾ ಎಂದು ಕೇಳಿದ. ಡೆಲ್ಮರ್ ಎದ್ದು ನಿಂತ.

"ಹುಡುಗ ರೆಡಿ. ನಾವಲ್ಲ. ಇನ್ನೊಬ್ಬನ್ನ ತಂದು ಅಲ್ಲಿ ನಿಲ್ಲಿಸಿದ್ರೆ ಅವನ್ನೂ ಮುರೀತೀವಿ."

ಫೆನ್ವಿಕ್ ಥ್ಯಾಂಕ್ಸ್ ಎಂದ. ಮಾರನೆಯ ದಿನ ಆ ಹುಡುಗನನ್ನೇ ಆರಿಸಿದರು. ಜೂನ್‌ನಲ್ಲಿ ಡೆಲ್ಮರ್‌ನ ಕರಾರನ್ನು ಮುಂದುವರಿಸಲಿಲ್ಲ.

ಸೆಪ್ಟೆಂಬರ್‌ನ ಮೊದಲ ಪಂದ್ಯ ಅವನು ಅಡುಗೆಮನೆಯ ರೇಡಿಯೊದಲ್ಲಿ ಕೇಳಿದ. ಅರ್ಧ ಆಟ ಮುಗಿಯುವಷ್ಟರಲ್ಲಿ ಹೊಸ ಹುಡುಗನನ್ನು ಐದು ಸಲ ಕೆಡವಿದ್ದರು. ಎದ್ದ, ಮತ್ತೆ ಎದ್ದ, ಗಟ್ಟಿ ಪಿಂಡ ಎಂದು ರೇಡಿಯೊದವನು ಹೊಗಳುತ್ತಿದ್ದ. ಡೆಲ್ಮರ್ ಕುರ್ಚಿಯಲ್ಲಿ ಬಗ್ಗಿ ಕುಳಿತು ಕೊನೆಯವರೆಗೂ ಕೇಳಿದ.